ಕ್ರಾಕೆಟ್ ಮನೆತನ (ಟೆನೆಸ್ಸಿ)

ಕ್ರಾಕೆಟ್ ಮನೆತನವು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಟೆನೆಸ್ಸಿ ಪ್ರದೇಶದಲ್ಲಿ, 18ನೆಯ ಶತಮಾನದ ಕೊನೆಯ ಭಾಗದಿಂದ ನೆಲೆಸಿದ ಒಂದು ವಲಸಿಗ ಬೇಸಾಯಗಾರ ಕುಟುಂಬ. ಬೇಟೆಗಾರ, ಸೈನಿಕ ಮತ್ತು ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯನಾಗಿದ್ದ ಡೇವಿಡ್ ಕ್ರಾಕೆಟ್ (ಆಗಸ್ಟ್ 17, 1786 – ಮಾರ್ಚ್ 6, 1836) ಈ ಮನೆತನದವನು. ಜನಪ್ರಿಯ ಕಥೆಗಳಲ್ಲಿ 'ಡೇವಿ ಕ್ರಾಕೆಟ್' ಎಂದು ಪ್ರಸಿದ್ಧನಾದವನು ಇವನೇ. ತಾನಾಗಿ ಸಹಿ ಮಾಡುತ್ತಿದ್ದುದು ಮಾತ್ರ 'ಡೇವಿಡ್' ಎಂದು. ಅವನ ಅಜ್ಜ ಹಿರಿಯ ಡೇವಿಡ್, ತಂದೆ ಜಾನ್, ಮಗ ಜಾನ್ ವೆಸ್ಲಿ ಹಾಗೂ ಇನ್ನೊಬ್ಬ ಮಗ ರಾಬರ್ಟ್ ಪ್ಯಾಟನ್ ಇವರ ಮೂಲಕ ಮನೆತನದ ನಾಲ್ಕು ತಲೆಮಾರುಗಳನ್ನು ದಾಖಲೆಗಳ ಆಧಾರದಿಂದ ಗುರುತಿಸಬಹುದು.

ಅಮೆರಿಕದ ಪಶ್ಚಿಮ ಗಡಿಯತ್ತ ಸರಿಯುತ್ತ ಹೋದ ಸಾವಿರಾರು ಕುಟುಂಬಗಳಲ್ಲಿ ಇದೂ ಒಂದು. ಒಬ್ಬ ವ್ಯಕ್ತಿ ಪ್ರಸಿದ್ಧನಾಗದೆ ಇದ್ದಿದ್ದರೆ ಇವರ ವಂಶಾವಳಿಯನ್ನು ಯಾರೂ ಹುಡುಕುತ್ತಿರಲಿಲ್ಲ. ಆದರೆ ಹುಡುಕಿದ್ದರಿಂದ ಒಂದು ಸಂಗತಿ ಸ್ಪಷ್ಟವಾಗಿದೆ: ಈ ಬಗೆಯ ಕುಟುಂಬದ ಇತಿಹಾಸ ಉಳಿದಿರುವುದು ಸಾಲ, ಭೂಮಿ ಮತ್ತು ನ್ಯಾಯಾಲಯಗಳ ಕಾಗದಗಳಲ್ಲಿ. ಆದ್ದರಿಂದ ಭೂಮಿಯ ಹಕ್ಕು ಯಾರ ಹೆಸರಿನಲ್ಲಿ ಇರಲಿಲ್ಲವೋ ಅವರು, ಎಂದರೆ ಮನೆಯ ಹೆಂಗಸರು, ಗುಲಾಮರು ಮತ್ತು ಆ ನೆಲದ ಮೂಲನಿವಾಸಿಗಳು, ವಂಶವೃಕ್ಷದ ಅಂಚಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ.

ಹೆಸರಿನ ಮೂಲ: ಐತಿಹ್ಯ ಮತ್ತು ದಾಖಲೆ

ಮನೆತನದ ಮೂಲದ ಬಗ್ಗೆ ಒಂದು ಸೊಗಸಾದ ಕಥೆ ಬಹಳ ಪ್ರಚಾರದಲ್ಲಿದೆ. ಅದರ ಪ್ರಕಾರ 17ನೆಯ ಶತಮಾನದ ಫ್ರಾನ್ಸಿನಲ್ಲಿ ಆಂತ್ವಾನ್ ಡಿ ಕ್ರಾಕೆಟಾನ್ಯ ಎಂಬ ಕುಲೀನನೊಬ್ಬನು ದೊರೆ 14ನೆಯ ಲೂಯಿಯ ಅರಮನೆಯ ಕಾವಲು ಪಡೆಯಲ್ಲಿದ್ದನು. ಪ್ರಾಟೆಸ್ಟಂಟ್ ಪಂಥಕ್ಕೆ ಸೇರಿದುದರಿಂದ ದೇಶ ಬಿಟ್ಟು ಐರ್ಲೆಂಡಿನ ಬ್ಯಾಂಟ್ರಿ ಕೊಲ್ಲಿಯ ಬಳಿ ನೆಲೆಸಿದನು. ಅಲ್ಲಿ ಹೆಸರು 'ಕ್ರಾಕೆಟ್' ಎಂದು ಮೊಟಕಾಯಿತು. ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ನೀಡಿದ್ದ ನಾಂಟ್ ಶಾಸನವನ್ನು 1685ರಲ್ಲಿ ಅದೇ ದೊರೆ ರದ್ದುಪಡಿಸಿದ್ದು ನಿಜ, ಸಾವಿರಾರು ಜನ ದೇಶ ಬಿಟ್ಟಿದ್ದೂ ನಿಜ. ಕಥೆಗೆ ಹಿನ್ನೆಲೆ ಸರಿಯಾಗಿಯೇ ಇದೆ.

ಇದನ್ನು ವ್ಯಾಪಕವಾಗಿ ಹರಡಿದ್ದು ಜ಼ೆಲ್ಲಾ ಆರ್ಮ್‌ಸ್ಟ್ರಾಂಗ್ ಮತ್ತು ಜೇನಿ ಫ್ರೆಂಚ್ ಸಂಕಲಿಸಿ 1928ರಲ್ಲಿ ಪ್ರಕಟಿಸಿದ, ದಕ್ಷಿಣದ ಪ್ರಸಿದ್ಧ ಮನೆತನಗಳನ್ನು ಕುರಿತ ಗ್ರಂಥಮಾಲೆಯ ಕ್ರಾಕೆಟ್ ಸಂಪುಟ. ಕುಟುಂಬದ ಶಾಖೆಗಳಲ್ಲಿ ಉಳಿದುಬಂದ ಹೇಳಿಕೆಗಳನ್ನು ಸಂಕಲನಕಾರರು ಶ್ರದ್ಧೆಯಿಂದ ಸೇರಿಸಿದ್ದಾರೆ. ಆದರೆ ಹೇಳಿಕೆ ಎಷ್ಟು ಬಾರಿ ಪುನರಾವರ್ತನೆಯಾದರೂ ಅದು ದಾಖಲೆಯಾಗುವುದಿಲ್ಲ. ಟೆನೆಸ್ಸಿಯ ಶಾಖೆಯನ್ನು ಆ ಫ್ರೆಂಚ್ ಅಧಿಕಾರಿಗೆ ಜೋಡಿಸುವ ಸಮಕಾಲೀನ ಕಾಗದ ಹೊರಬಂದಿಲ್ಲ. ಡೇವಿಡ್ ಕ್ರಾಕೆಟ್ 1834ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಫ್ರಾನ್ಸಿನ ಮಾತೇ ಇಲ್ಲ; ತನ್ನ ತಂದೆ ಐರಿಷ್ ಮೂಲದವನು, ಐರ್ಲೆಂಡಿನಲ್ಲಿಯೋ ಅಥವಾ ಅಮೆರಿಕಕ್ಕೆ ಬರುವ ಹಡಗಿನಲ್ಲಿಯೋ ಹುಟ್ಟಿದವನು ಎಂದಷ್ಟೇ ಅವನು ಬರೆದಿದ್ದಾನೆ. ಇತ್ತ 'ಕ್ರಾಕೆಟ್' ಎಂಬ ಅಡ್ಡಹೆಸರು ಸ್ಕಾಟ್ಲೆಂಡಿನ ನೈಋತ್ಯ ಭಾಗದಲ್ಲಿಯೂ ಇದೆ. 19ನೆಯ ಶತಮಾನದ ಕಾದಂಬರಿಕಾರ ಎಸ್. ಆರ್. ಕ್ರಾಕೆಟ್ ಆ ಪ್ರದೇಶದವನು. ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ, ಅಲ್ಲಿಂದ ಅಮೆರಿಕದ ಅಪಲೇಶಿಯನ್ ಬೆಟ್ಟಸಾಲಿಗೆ ವಲಸೆ ಬಂದ 'ಸ್ಕಾಟ್ಸ್-ಐರಿಷ್' ಜನರ ನಡುವೆಯೇ ಈ ಕುಟುಂಬ ಬಾಳಿತು, ಮದುವೆ ಸಂಬಂಧ ಬೆಳೆಸಿತು.

ಬಡ ಬೇಸಾಯಗಾರರ ಮನೆಗೆ ಅರಮನೆಯ ಪೂರ್ವಜನೊಬ್ಬನು ಬೇಕಾದುದು ಏಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. 20ನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಅನೇಕ ಕುಟುಂಬಗಳು ಯೂರೋಪಿನ ಕುಲೀನರೊಂದಿಗೆ ಸಂಬಂಧ ತೋರಿಸಿಕೊಳ್ಳಲು ಉತ್ಸುಕವಾಗಿದ್ದವು. ಈ ಕಥೆಯನ್ನು ಐತಿಹ್ಯವೆಂದು ಓದುವುದೇ ಸೂಕ್ತ.

ಹಿರಿಯ ಡೇವಿಡ್ ಮತ್ತು 1777ರ ದಾಳಿ

ದಾಖಲೆಗಳ ನೆಲ ಗಟ್ಟಿಯಾಗುವುದು ಹಿರಿಯ ಡೇವಿಡ್ ಕ್ರಾಕೆಟ್‌ನಿಂದ. ಅವನ ಕುಟುಂಬ ವರ್ಜೀನಿಯಾದ ಫ್ರೆಡರಿಕ್ ಕೌಂಟಿಯಲ್ಲಿದ್ದು, 1760ರ ದಶಕದ ಕೊನೆಗೆ ನಾರ್ತ್ ಕೆರೊಲಿನಾದ ಟ್ರೈಯನ್ ಕೌಂಟಿಗೆ, ಅಲ್ಲಿಂದ 1776ರ ಸುಮಾರಿಗೆ ಬೆಟ್ಟಗಳಾಚೆಯ ಹೋಲ್ಸ್‌ಟನ್ ನದಿಯ ಕಣಿವೆಗೆ ಬಂದಿತು. ಮಗ ಜಾನ್ ಹುಟ್ಟಿದ್ದು 1753ರ ಸುಮಾರಿಗೆ ವರ್ಜೀನಿಯಾದಲ್ಲಿ ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಹಡಗಿನಲ್ಲಿ ಹುಟ್ಟಿದನೆಂಬ ಆತ್ಮಕಥೆಯ ಮಾತಿಗೂ ಇದಕ್ಕೂ ಹೊಂದಿಕೆಯಾಗುವುದಿಲ್ಲ. ಸ್ವಂತ ಮಗನ ಬರಹವನ್ನೂ ಪರಿಶೀಲಿಸದೆ ಒಪ್ಪಬಾರದೆಂಬುದಕ್ಕೆ ಇದೊಂದು ನಿದರ್ಶನ.

ಅವರು ನೆಲೆಸಿದ ಜಾಗ ಖಾಲಿ ಬಿದ್ದಿದ್ದ ಕಾಡಲ್ಲ. ಬೆಟ್ಟಗಳ ಪಶ್ಚಿಮಕ್ಕೆ ಯಾರೂ ನೆಲೆಸಕೂಡದೆಂದು ಬ್ರಿಟಿಷ್ ದೊರೆ 1763ರಲ್ಲಿ ಘೋಷಿಸಿದ್ದನು. ವಟಾಗಾ ನದಿಯ ದಡದ ವಲಸಿಗರು ಅದನ್ನು ಲೆಕ್ಕಿಸದೆ ಚೆರೋಕೀ ಜನಾಂಗದಿಂದ ಭೂಮಿಯನ್ನು ಮೊದಲು ಗುತ್ತಿಗೆಗೆ, ಆಮೇಲೆ ಕ್ರಯಕ್ಕೆ ಪಡೆದರು. 1775ರ ಮಾರ್ಚ್‌ನಲ್ಲಿ ಸಿಕಮೋರ್ ಶೋಲ್ಸ್ ಎಂಬಲ್ಲಿ ರಿಚರ್ಡ್ ಹೆಂಡರ್ಸನ್‌ನ ಕಂಪನಿಗೆ ಚೆರೋಕೀ ಹಿರಿಯರು ವಿಶಾಲವಾದ ಪ್ರದೇಶವನ್ನು ಬಿಟ್ಟುಕೊಟ್ಟಾಗ, ಯುವ ನಾಯಕ ಡ್ರ್ಯಾಗಿಂಗ್ ಕನೂ ಅದನ್ನು ತೀವ್ರವಾಗಿ ವಿರೋಧಿಸಿದನು. ಮರುವರ್ಷದಿಂದ ಅವನೂ ಅವನ ಅನುಯಾಯಿಗಳೂ ವಲಸಿಗರ ಮೇಲೆ ಯುದ್ಧ ಹೂಡಿದರು. ಇದೇ 1776ರಲ್ಲಿ ವಟಾಗಾ ಪ್ರದೇಶದವರು ತಮ್ಮನ್ನು ನಾರ್ತ್ ಕೆರೊಲಿನಾಕ್ಕೆ ಸೇರಿಸಿಕೊಳ್ಳಬೇಕೆಂದು ಸಲ್ಲಿಸಿದ ಮನವಿಯ ಸಹಿಗಳಲ್ಲಿ ಹಿರಿಯ ಡೇವಿಡ್‌ನ ಹೆಸರೂ ಇದೆ.

1777ರಲ್ಲಿ ಇಂದಿನ ರಾಜರ್ಸ್‌ವಿಲ್ ಪಟ್ಟಣವಿರುವ ಜಾಗದಲ್ಲಿದ್ದ ಮನೆಯ ಮೇಲೆ ದಾಳಿ ನಡೆದು ಹಿರಿಯ ಡೇವಿಡ್ ಮತ್ತು ಅವನ ಹೆಂಡತಿ ಹತರಾದರು. ಆತ್ಮಕಥೆಯು ದಾಳಿ ಮಾಡಿದವರನ್ನು ಕ್ರೀಕ್ ಜನಾಂಗದವರೆಂದು ಹೇಳುತ್ತದೆ. ಇತಿಹಾಸಕಾರರು ಸಾಮಾನ್ಯವಾಗಿ ಡ್ರ್ಯಾಗಿಂಗ್ ಕನೂವಿನ ಪಕ್ಷದ ಚೆರೋಕೀ ಯೋಧರನ್ನು ಹೆಸರಿಸುತ್ತಾರೆ. ಜೋಸೆಫ್ ಎಂಬ ಮಗನ ತೋಳು ಗುಂಡೇಟಿನಿಂದ ಮುರಿಯಿತು. ಅವನಿಗಿಂತ ಕಿರಿಯನಾದ ಜೇಮ್ಸ್‌ಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ತಪ್ಪಿಸಿಕೊಳ್ಳಲಾಗದೆ ಅವನು ಸೆರೆಯಾದನು. 17 ವರ್ಷ 9 ತಿಂಗಳು ಅವನು ಮೂಲನಿವಾಸಿಗಳ ನಡುವೆ ಬದುಕಿದನು ಎಂದು ಅಣ್ಣನ ಮಗ ಬರೆದಿದ್ದಾನೆ. ಕೊನೆಗೆ ಅಣ್ಣಂದಿರಾದ ವಿಲಿಯಂ ಮತ್ತು ಜಾನ್ ಅವನನ್ನು ಗುರುತು ಹಿಡಿದು, ಒಬ್ಬ ವ್ಯಾಪಾರಿಗೆ ಹಣ ಕೊಟ್ಟು ಬಿಡಿಸಿಕೊಂಡು ಬಂದರು. ಮುಂದೆ ಅವನು ಕೆಂಟಕಿಯ ಕಂಬರ್ಲೆಂಡ್ ಕೌಂಟಿಯಲ್ಲಿದ್ದನು. ಬಾಲ್ಯದಿಂದ ಯೌವನದವರೆಗೆ ಬೇರೊಂದು ಜನರ ನಡುವೆ ಬೆಳೆದ ಮನುಷ್ಯ ಮರಳಿ ಬಂದು ಏನು ಅನುಭವಿಸಿದನೆಂಬುದಕ್ಕೆ ಅವನ ಮಾತೂ ಇಲ್ಲ, ಬರಹವೂ ಇಲ್ಲ.

ಉಳಿದ ವಾರಸುದಾರರು ಆ ಜಮೀನನ್ನು ಥಾಮಸ್ ಏಮಿಸ್ ಎಂಬವನಿಗೆ ಮಾರಿದರು. ಮುಂದೆ ಅವನ ಅಳಿಯ ಜೋಸೆಫ್ ರಾಜರ್ಸ್ ಅಲ್ಲಿ ಊರು ಕಟ್ಟಿದನು.

ಜಾನ್ ಕ್ರಾಕೆಟ್: ಸಾಲದ ಜಾಡು

ಜಾನ್ ಕ್ರಾಕೆಟ್ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1780ರ ಅಕ್ಟೋಬರ್ 7ರಂದು ನಡೆದ ಕಿಂಗ್ಸ್ ಮೌಂಟನ್ ಕಾಳಗದಲ್ಲಿ, ಬೆಟ್ಟದಾಚೆಯ ಸ್ವಯಂಸೇವಕ ಪಡೆಯವನಾಗಿ ಭಾಗವಹಿಸಿದನು ಎಂದು ಮಗ ಹೇಳುತ್ತಾನೆ. ಅವನ ಹೆಂಡತಿ ರೆಬೆಕಾ ಹಾಕಿನ್ಸ್ ಮೇರಿಲೆಂಡ್ ಮೂಲದವಳು. ದಂಪತಿಗಳಿಗೆ 6 ಗಂಡು, 3 ಹೆಣ್ಣು ಮಕ್ಕಳು; ಡೇವಿಡ್ ಐದನೆಯ ಮಗ.

ಡೇವಿಡ್ ಹುಟ್ಟಿದ್ದು ನೋಲಿಚಕಿ ನದಿಯ ದಡದಲ್ಲಿ, ಗ್ರೀನ್ ಕೌಂಟಿಯಲ್ಲಿ. ವಂಶಾವಳಿ ಹುಡುಕುವವರು ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. 1786ರಲ್ಲಿ ಟೆನೆಸ್ಸಿ ಎಂಬ ರಾಜ್ಯವೇ ಇರಲಿಲ್ಲ. ಆ ಪ್ರದೇಶ ಕಾನೂನಿನ ಪ್ರಕಾರ ನಾರ್ತ್ ಕೆರೊಲಿನಾಕ್ಕೆ ಸೇರಿತ್ತು, ಸ್ಥಳೀಯರು ಮಾತ್ರ 'ಫ್ರಾಂಕ್ಲಿನ್' ಎಂಬ ಪ್ರತ್ಯೇಕ ರಾಜ್ಯವನ್ನು ಘೋಷಿಸಿಕೊಂಡಿದ್ದರು. ಆ ರಾಜ್ಯಕ್ಕೆ ಮಾನ್ಯತೆ ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಅಳಿಯಿತು. ಟೆನೆಸ್ಸಿ ರಾಜ್ಯವಾದದ್ದು 1796ರ ಜೂನ್ 1ರಂದು. ಮನೆ ಕದಲದಿದ್ದರೂ ರಾಜ್ಯ ಬದಲಾಗುತ್ತಿತ್ತು, ಕೌಂಟಿಗಳು ಒಡೆದು ಹೊಸ ಕೌಂಟಿಗಳಾಗುತ್ತಿದ್ದವು. ಒಂದೇ ಕುಟುಂಬದ ಕಾಗದಗಳು ಮೂರು ನಾಲ್ಕು ಕಚೇರಿಗಳಲ್ಲಿ ಚದುರಿರುವುದಕ್ಕೆ ಇದೂ ಕಾರಣ.

ಜಾನ್‌ನ ಬದುಕು ಸೋಲುಗಳ ಸರಮಾಲೆ. 1794ರಲ್ಲಿ ಕೋವ್ ಕ್ರೀಕ್ ಎಂಬ ಹೊಳೆಯ ಮೇಲೆ ಕಟ್ಟುತ್ತಿದ್ದ ಹಿಟ್ಟಿನ ಗಿರಣಿ ನೆರೆಗೆ ಕೊಚ್ಚಿಹೋಯಿತು. ಸಾಲದಿಂದ ಜಮೀನು ಕೈಬಿಟ್ಟಿತು. ಇಂದಿನ ಮಾರಿಸ್ಟೌನ್ ಬಳಿ, ವರ್ಜೀನಿಯಾದ ಅಬಿಂಗ್ಡನ್‌ನಿಂದ ನಾಕ್ಸ್‌ವಿಲ್‌ಗೆ ಹೋಗುವ ದಾರಿಯಲ್ಲಿ, ಗಾಡಿ ಹೊಡೆಯುವವರಿಗೆ ಊಟ ವಸತಿ ಒದಗಿಸುವ ಸಣ್ಣ ತಂಗುಮನೆಯೊಂದನ್ನು ಅವನು ನಡೆಸಿದನು. ಡೇವಿಡ್‌ಗೆ 12 ವರ್ಷವಾಗಿದ್ದಾಗ ತಂದೆ ಅವನನ್ನು ಜೇಕಬ್ ಸೈಲರ್ ಎಂಬವನೊಂದಿಗೆ ದನ ಹೊಡೆದುಕೊಂಡು ವರ್ಜೀನಿಯಾದ ರಾಕ್‌ಬ್ರಿಜ್ ಕೌಂಟಿಗೆ ಹೋಗಲು ಕೂಲಿಗೆ ಕಳುಹಿಸಿದನು. ಹುಡುಗನ ಲೆಕ್ಕದಲ್ಲಿ ಅದು ಸುಮಾರು 400 ಮೈಲಿಗಳ ಕಾಲ್ನಡಿಗೆ.

ಮರುವರ್ಷ ಅವನನ್ನು ಶಾಲೆಗೆ ಸೇರಿಸಲಾಯಿತು. ನಾಲ್ಕು ದಿನ ಹೋದನು; ಸಹಪಾಠಿಯೊಬ್ಬನೊಂದಿಗೆ ಹೊಡೆದಾಡಿ, ಗುರುವಿನ ಬೆತ್ತಕ್ಕೂ ತಂದೆಯ ಕೋಲಿಗೂ ಹೆದರಿ ಮನೆ ಬಿಟ್ಟು ಓಡಿಹೋದನು. (ಶಿಕ್ಷೆಯ ಭಯವೊಂದೇ ಒಬ್ಬ ಬಾಲಕನನ್ನು ಶಾಲೆಯಿಂದಲೂ ಮನೆಯಿಂದಲೂ ವರ್ಷಗಟ್ಟಲೆ ದೂರವಿಟ್ಟ ಈ ಪ್ರಸಂಗವನ್ನು ಶಿಕ್ಷಣದ ಇತಿಹಾಸ ಓದುವವರೂ ಗಮನಿಸಬಹುದು.) 1802ರಲ್ಲಿ ಮರಳಿ ಬಂದಾಗ ಎಷ್ಟು ಬೆಳೆದಿದ್ದನೆಂದರೆ ತಂಗುಮನೆಯ ಊಟದ ಪಂಕ್ತಿಯಲ್ಲಿ ಅವನನ್ನು ಮೊದಲು ಗುರುತಿಸಿದವಳು ಅಕ್ಕ ಮಾತ್ರ. ಬಂದವನು ತಂದೆಯ ಸಾಲ ತೀರಿಸಲು ದುಡಿದನು: ಅಬ್ರಹಾಂ ವಿಲ್ಸನ್‌ಗೆ ಕೊಡಬೇಕಿದ್ದ 36 ಡಾಲರಿಗಾಗಿ ಆರು ತಿಂಗಳು, ಜಾನ್ ಕೆನಡಿಗೆ ಕೊಡಬೇಕಿದ್ದ 40 ಡಾಲರಿಗಾಗಿ ಇನ್ನೊಂದು ಆರು ತಿಂಗಳು. ಕೆನಡಿಯ ಮಗ ನಡೆಸುತ್ತಿದ್ದ ಶಾಲೆಯಲ್ಲಿಯೇ ಕೆಲವು ತಿಂಗಳು ಕಲಿತು, ತನ್ನ ಹೆಸರು ಬರೆಯುವಷ್ಟು ಮತ್ತು ಒಂದಿಷ್ಟು ಲೆಕ್ಕ ಮಾಡುವಷ್ಟು ವಿದ್ಯೆ ಪಡೆದನು. ಮುಂದೆ ಆತ್ಮಕಥೆ ಬರೆಯುವಾಗ ಕೆಂಟಕಿಯ ಪ್ರತಿನಿಧಿ ಥಾಮಸ್ ಚಿಲ್ಟನ್ ಅವನಿಗೆ ನೆರವಾದನು.

ಡೇವಿಡ್‌ನ ಎರಡು ಸಂಸಾರಗಳು

1805ರ ಅಕ್ಟೋಬರ್‌ನಲ್ಲಿ ಜೆಫರ್ಸನ್ ಕೌಂಟಿಯ ಕೇಂದ್ರವಾದ ಡ್ಯಾಂಡ್ರಿಜ್‌ನಲ್ಲಿ ಡೇವಿಡ್ ಮತ್ತು ಮಾರ್ಗರೆಟ್ ಎಲ್ಡರ್ ಇವರ ಮದುವೆಗೆ ಪರವಾನಗಿ ಪಡೆಯಲಾಗಿತ್ತು. ಆದರೆ ಆಕೆ ಬೇರೊಬ್ಬನನ್ನು ವರಿಸಿದಳು. ಕಾಗದ ಉಳಿಯಿತು, ಮದುವೆ ನಡೆಯಲಿಲ್ಲ. ಪರವಾನಗಿ ಇದೆಯೆಂದ ಮಾತ್ರಕ್ಕೆ ವಿವಾಹವಾಯಿತೆಂದು ವಂಶವೃಕ್ಷದಲ್ಲಿ ಬರೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಪರವಾನಗಿ ಬಹುಕಾಲ ಖಾಸಗಿಯವರ ಕೈಯಲ್ಲಿದ್ದು, ನ್ಯಾಯಾಲಯದ ವ್ಯಾಜ್ಯದ ನಂತರ ಜೆಫರ್ಸನ್ ಕೌಂಟಿಗೆ ಮರಳಿತು.

1806ರ ಆಗಸ್ಟ್‌ನಲ್ಲಿ ಅವನು ವಿಲಿಯಂ ಫಿನ್ಲಿಯ ಮಗಳು ಮೇರಿಯನ್ನು ಮದುವೆಯಾದನು. ಕಥೆಗಳಲ್ಲಿ ಬರುವ 'ಪಾಲಿ' ಇವಳೇ. ಇಂಗ್ಲಿಷ್ ಮಾತನಾಡುವವರಲ್ಲಿ ಮೇರಿ ಎಂಬ ಹೆಸರಿಗೆ ಪಾಲಿ ಎಂಬುದು ಮುದ್ದಿನ ರೂಪ. ಇದನ್ನು ಅರಿಯದವರು ಒಬ್ಬಳನ್ನೇ ಇಬ್ಬರೆಂದು ಎಣಿಸಿದ್ದುಂಟು. ಇವರ ಮಕ್ಕಳು ಜಾನ್ ವೆಸ್ಲಿ (1807), ವಿಲಿಯಂ ಮತ್ತು ಮಾರ್ಗರೆಟ್ ಫಿನ್ಲಿ (1812). ಹೆಸರುಗಳ ಕ್ರಮ ಗಮನಾರ್ಹವಾಗಿದೆ: ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯ ಮಗನಿಗೆ ತಾಯಿಯ ತಂದೆಯ ಹೆಸರು. ಸ್ಕಾಟ್ಸ್-ಐರಿಷ್ ಕುಟುಂಬಗಳಲ್ಲಿ ಇದು ರೂಢಿ. ಮೊಮ್ಮಗನಿಗೆ ತಾತನ ಹೆಸರಿಡುವುದು ಕನ್ನಡದ ಓದುಗರಿಗೂ ಹೊಸದಲ್ಲ. ಅದೇ ರೂಢಿಯಿಂದಾಗಿ ಪ್ರತಿಯೊಂದು ತಲೆಮಾರಿನಲ್ಲಿಯೂ ಒಬ್ಬ ಜಾನ್, ಒಬ್ಬ ವಿಲಿಯಂ, ಒಬ್ಬ ಡೇವಿಡ್ ಇರುತ್ತಾರೆ. ಹೆಸರೊಂದರಿಂದಲೇ ವ್ಯಕ್ತಿಯನ್ನು ಗುರುತಿಸುವುದು ಅಸಾಧ್ಯವಾಗುತ್ತದೆ.

1811ರಲ್ಲಿ ಸಂಸಾರ ಪಶ್ಚಿಮಕ್ಕೆ ಲಿಂಕನ್ ಕೌಂಟಿಗೆ, 1813ರಲ್ಲಿ ಫ್ರಾಂಕ್ಲಿನ್ ಕೌಂಟಿಯ ಬೀನ್ಸ್ ಕ್ರೀಕ್ ಬಳಿಗೆ ಹೋಯಿತು. ಅದೇ ವರ್ಷ ಆಗಸ್ಟ್ 30ರಂದು ಅಲಬಾಮಾ ಪ್ರದೇಶದ ಮಿಮ್ಸ್ ಕೋಟೆಯಲ್ಲಿ ಕ್ರೀಕ್ ಯೋಧರು ನೂರಾರು ಜನರನ್ನು ಕೊಂದ ಸುದ್ದಿ ಬಂದಾಗ ಡೇವಿಡ್ ಬೇಹುಗಾರನಾಗಿ ಸೈನ್ಯ ಸೇರಿದನು. ಹೋಗಬೇಡವೆಂದು ಪಾಲಿ ಬೇಡಿಕೊಂಡಳೆಂದು ಅವನೇ ಬರೆದಿದ್ದಾನೆ. ನವೆಂಬರ್ 3ರಂದು ಟಲಸಹಾಚಿ ಎಂಬ ಕ್ರೀಕ್ ಗ್ರಾಮದ ನಾಶದಲ್ಲಿ ಅವನು ಪಾಲ್ಗೊಂಡನು; ಮನೆಯೊಂದರೊಳಗೆ ಸಿಕ್ಕಿಕೊಂಡವರನ್ನು ಮನೆಯ ಸಮೇತ ಸುಟ್ಟುದನ್ನು ಆತ್ಮಕಥೆಯಲ್ಲಿ ಮರೆಮಾಚದೆ ಹೇಳಿದ್ದಾನೆ. ಪಾಲಿ 1815ರಲ್ಲಿ ಮೂರು ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಬೀನ್ಸ್ ಕ್ರೀಕ್‌ನ ಹಳೆಯ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಎರಡನೆಯ ಹೆಂಡತಿ ಎಲಿಜಬೆತ್ ಪ್ಯಾಟನ್ ವಿಧವೆ. ನಾರ್ತ್ ಕೆರೊಲಿನಾದ ರಾಬರ್ಟ್ ಪ್ಯಾಟನ್‌ನ ಮಗಳಾದ ಈಕೆಯ ಮೊದಲ ಗಂಡ ಜೇಮ್ಸ್ ಪ್ಯಾಟನ್. ತವರಿನ ಅಡ್ಡಹೆಸರೂ ಮೊದಲ ಗಂಡನ ಅಡ್ಡಹೆಸರೂ ಒಂದೇ ಆದುದರಿಂದ ಹಲವು ವಂಶಾವಳಿಗಳು ಇಲ್ಲಿ ದಾರಿ ತಪ್ಪುತ್ತವೆ. ಜಾರ್ಜ್ ಮತ್ತು ಮಾರ್ಗರೆಟ್ ಆನ್ ಆಕೆಯ ಮೊದಲ ಮದುವೆಯ ಮಕ್ಕಳು. ಡೇವಿಡ್‌ನಿಂದ ರಾಬರ್ಟ್ ಪ್ಯಾಟನ್ (1816), ರೆಬೆಕಾ ಎಲ್ವೈರಾ (1818) ಮತ್ತು ಮಟಿಲ್ಡಾ (1821) ಹುಟ್ಟಿದರು. ಕೆಲವು ಪಟ್ಟಿಗಳು ಎಲಿಜಬೆತ್ ಜೇನ್ ಎಂಬ ಮತ್ತೊಬ್ಬ ಮಗಳನ್ನೂ ಸೇರಿಸುತ್ತವೆ. ಮೂರು ಬಗೆಯ ಮಕ್ಕಳಿದ್ದ ಈ ತುಂಬು ಸಂಸಾರವನ್ನು ನಡೆಸಿದ್ದು ಎಲಿಜಬೆತ್. ಡೇವಿಡ್ ಬೇಟೆಯಲ್ಲೋ ಚುನಾವಣೆಯಲ್ಲೋ ರಾಜಧಾನಿಯಲ್ಲೋ ಇರುತ್ತಿದ್ದನು; ಜಮೀನು, ಗಿರಣಿ, ಮಕ್ಕಳು ಆಕೆಯ ಪಾಲಿಗೆ. 1821ರಲ್ಲಿ ಲಾರೆನ್ಸ್ ಕೌಂಟಿಯ ಶೋಲ್ ಕ್ರೀಕ್ ಹೊಳೆಯ ನೆರೆಯಲ್ಲಿ ಇವರ ಗಿರಣಿ, ಮದ್ದಿನ ಕಾರ್ಖಾನೆ, ಭಟ್ಟಿ ಎಲ್ಲವೂ ಕೊಚ್ಚಿಹೋದವು. ತಂದೆಗೆ 1794ರಲ್ಲಿ ಒದಗಿದ ಗತಿಯೇ ಮಗನಿಗೂ ಒದಗಿತು. ಇದ್ದುದನ್ನೆಲ್ಲ ಕೊಟ್ಟು ಸಾಲ ತೀರಿಸೋಣ, ಮತ್ತೆ ದುಡಿಯೋಣ ಎಂದು ಹೆಂಡತಿ ಹೇಳಿದ ಮಾತನ್ನು ಅವನು ಕೃತಜ್ಞತೆಯಿಂದ ನೆನೆದಿದ್ದಾನೆ.

ಭೂಮಿ ಮತ್ತು ಅದರ ಹಿಂದಿನ ಒಡೆಯರು

ಕ್ರಾಕೆಟ್ ಕುಟುಂಬದ ವಲಸೆಯ ದಾರಿಯನ್ನು ನಕ್ಷೆಯ ಮೇಲೆ ಇಟ್ಟು, ಪಕ್ಕದಲ್ಲಿ ಮೂಲನಿವಾಸಿಗಳೊಂದಿಗೆ ಆದ ಒಪ್ಪಂದಗಳ ವರ್ಷಗಳನ್ನು ಬರೆದರೆ ಒಂದನ್ನೊಂದು ಹಿಂಬಾಲಿಸುವುದು ಕಾಣುತ್ತದೆ. 1816ರ ಒಪ್ಪಂದಗಳಿಂದ ದಕ್ಷಿಣ-ಮಧ್ಯ ಟೆನೆಸ್ಸಿಯ ನೆಲ ಬಿಳಿಯರ ನೆಲೆಗೆ ತೆರೆಯಿತು. 1817ರಲ್ಲಿ ಕ್ರಾಕೆಟ್ ಸಂಸಾರ ಶೋಲ್ ಕ್ರೀಕ್‌ಗೆ ಬಂದಿತು. 1818ರ ಅಕ್ಟೋಬರ್ 19ರ ಒಪ್ಪಂದದಲ್ಲಿ ಚಿಕಸಾ ಜನಾಂಗವು ಪಶ್ಚಿಮ ಟೆನೆಸ್ಸಿಯನ್ನು ಬಿಟ್ಟುಕೊಟ್ಟಿತು. 1822ರ ಹೊತ್ತಿಗೆ ಇವರು ಅಲ್ಲಿನ ಓಬಿಯನ್ ನದಿಯ ಬಳಿ, ಇಂದಿನ ಗಿಬ್ಸನ್ ಕೌಂಟಿಯಲ್ಲಿ, ಮನೆ ಕಟ್ಟಿದ್ದರು.

ಹೀಗೆ ಬಂದ ಬಡ ನೆಲಸಿಗರಿಗೆ ಕಾಗದದ ಹಕ್ಕು ಇರುತ್ತಿರಲಿಲ್ಲ. ಕಾಡು ಕಡಿದು ಉತ್ತಿದ ಮೇಲೆ ಹಕ್ಕುಪತ್ರ ಹಿಡಿದ ಶ್ರೀಮಂತನೋ ದಲ್ಲಾಳಿಯೋ ಬಂದು ಎಬ್ಬಿಸುತ್ತಿದ್ದನು. 1827ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆಯಾದ ಡೇವಿಡ್ ತನ್ನ ಅವಧಿಯುದ್ದಕ್ಕೂ ಹಿಡಿದ ಹಟ ಒಂದೇ: ಟೆನೆಸ್ಸಿಯ ಹಂಚಿಕೆಯಾಗದ ಭೂಮಿ ಉಳುತ್ತಿರುವ ಬಡವರಿಗೆ ಸಿಗಬೇಕು. ಅದು ಅವನ ಕಾಲದಲ್ಲಿ ಕೈಗೂಡಲಿಲ್ಲ. ಅವನ ಹಿರಿಯ ಮಗ ಜಾನ್ ವೆಸ್ಲಿ ಕ್ರಾಕೆಟ್ ಅದೇ ಕ್ಷೇತ್ರದಿಂದ 1837ರಿಂದ 1841ರವರೆಗೆ ಸದಸ್ಯನಾಗಿದ್ದು, ತಂದೆಯ ಮಸೂದೆಯನ್ನು ಹೋಲುವ ಭೂ ಕಾಯಿದೆಗೆ 1841ರಲ್ಲಿ ಅನುಮೋದನೆ ಪಡೆದನು.

ಇನ್ನೊಂದು ಮತದಾನವನ್ನೂ ಇಲ್ಲಿ ಹೇಳಬೇಕು. ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಕಳುಹಿಸುವ ಮಸೂದೆ 1830ರ ಮೇ 26ರಂದು ಪ್ರತಿನಿಧಿ ಸಭೆಯಲ್ಲಿ 102-97 ಮತಗಳಿಂದ ಗೆದ್ದಿತು. ಟೆನೆಸ್ಸಿಯ ಸದಸ್ಯರಲ್ಲಿ ಅದಕ್ಕೆ ವಿರುದ್ಧವಾಗಿ ಮತ ಹಾಕಿದವನು ಡೇವಿಡ್ ಕ್ರಾಕೆಟ್ ಒಬ್ಬನೇ. ಅಜ್ಜ ಅಜ್ಜಿ ಮೂಲನಿವಾಸಿಗಳಿಂದ ಹತರಾದ, ಸ್ವತಃ ಕ್ರೀಕ್ ಯುದ್ಧದಲ್ಲಿ ಕಾದಿದ, ಚಿಕಸಾಗಳು ತೆರವು ಮಾಡಿದ ನೆಲದಲ್ಲಿಯೇ ಬೇಸಾಯ ಮಾಡುತ್ತಿದ್ದ ವ್ಯಕ್ತಿಯ ಮತ ಇದು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ನೊಂದಿಗಿನ ರಾಜಕೀಯ ಮುನಿಸೂ ಇದಕ್ಕೆ ಕಾರಣವೆಂದು ಹೇಳುವವರಿದ್ದಾರೆ. ಆತ್ಮಸಾಕ್ಷಿಗೆ ಅನುಗುಣವಾಗಿ ನಡೆದೆನೆಂದು ಅವನ ಹೇಳಿಕೆ. 1831ರ ಚುನಾವಣೆಯಲ್ಲಿ ಅವನು ಸೋತನು, 1833ರಲ್ಲಿ ಗೆದ್ದನು, 1835ರಲ್ಲಿ ಆಡಂ ಹಂಟ್ಸ್‌ಮನ್ ಎದುರು ಮತ್ತೆ ಸೋತನು.

ದಾಖಲೆಗಳು ಮತ್ತು ಲೆಕ್ಕಕ್ಕೆ ಬಾರದವರು

ಅಮೆರಿಕದಲ್ಲಿ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಅಲ್ಲಿಂದ 1840ರವರೆಗಿನ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ; ಉಳಿದವರು ವಯಸ್ಸಿನ ಗುಂಪುಗಳ ಅಂಕಿಗಳು. ಎಲ್ಲ ಸ್ವತಂತ್ರ ವ್ಯಕ್ತಿಗಳ ಹೆಸರನ್ನು ಬರೆಯಲು ಆರಂಭಿಸಿದ್ದು 1850ರಲ್ಲಿ. ಟೆನೆಸ್ಸಿಯ ಮಟ್ಟಿಗೆ ಪರಿಸ್ಥಿತಿ ಇನ್ನೂ ಕಷ್ಟ: 1790 ಮತ್ತು 1800ರ ಪಟ್ಟಿಗಳು ಉಳಿದಿಲ್ಲ, 1810ರದು ಬಹುಪಾಲು ನಷ್ಟವಾಗಿದೆ, 1820ರಲ್ಲಿ ಪೂರ್ವ ಭಾಗದ ಪಟ್ಟಿಗಳಿಲ್ಲ. ಜನನ ಮರಣಗಳ ರಾಜ್ಯವ್ಯಾಪಿ ನೋಂದಣಿ 20ನೆಯ ಶತಮಾನದಲ್ಲಿ ಬಂದದ್ದು. ಹೀಗಾಗಿ ಸಂಶೋಧಕರು ನೆಚ್ಚಿಕೊಳ್ಳುವುದು ಕೌಂಟಿ ಕಚೇರಿಯ ತೆರಿಗೆ ಪಟ್ಟಿ, ಮದುವೆಯ ಮುಚ್ಚಳಿಕೆ, ಕ್ರಯಪತ್ರ, ಉಯಿಲು ಹಾಗೂ ಸಾಲದ ವ್ಯಾಜ್ಯಗಳನ್ನು. ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ವರ್ಣತಂತುವಿನ ಪರೀಕ್ಷೆ ಈಚಿನ ಸಾಧನ. ಒಂದೇ ಅಡ್ಡಹೆಸರಿನ ಎರಡು ಶಾಖೆಗಳು ಗಂಡುಸಂತಾನದ ಮೂಲಕ ಒಂದೇ ಮೂಲದವೋ ಅಲ್ಲವೋ ಎಂಬುದನ್ನು ಅದು ತಿಳಿಸಬಲ್ಲದು. ಆ ಮೂಲಪುರುಷನ ಹೆಸರನ್ನು ಅದು ಹೇಳಲಾರದು.

ಡೇವಿಡ್ ಕ್ರಾಕೆಟ್ ದೊಡ್ಡ ಜಮೀನ್ದಾರನಲ್ಲ, ಆದರೆ ಅವನ ಬಳಿ ಗುಲಾಮರಿದ್ದರು. 1831ರಲ್ಲಿ ಅವನು ಜಮೀನಿನ ತುಂಡೊಂದನ್ನೂ ಏಡಲೀನ್ ಎಂಬ ಹುಡುಗಿಯನ್ನೂ ಮಲಮಗ ಜಾರ್ಜ್ ಪ್ಯಾಟನ್‌ಗೆ ಮಾರಿದ ಪತ್ರ ಇದೆ. ಚುನಾವಣೆಗಳಿಂದ ಅವನು ಸಾಲಗಾರನಾಗಿದ್ದ ಕಾಲ ಅದು. ಅಜ್ಜನ ಹತ್ಯೆ, ತಂದೆಯ ಸಾಲ, ಮೊಮ್ಮಗನ ವೃತ್ತಿ ಇವೆಲ್ಲ ತಿಳಿದಿರುವ ಈ ವಂಶಾವಳಿಯಲ್ಲಿ ಏಡಲೀನ್‌ಗೆ ಸಿಕ್ಕಿರುವುದು ಒಂದು ಕ್ರಯಪತ್ರದ ಒಂದು ಸಾಲು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರು ಇರುತ್ತದೆ, ಗುಲಾಮನದು ಇರುವುದಿಲ್ಲ. ವಯಸ್ಸು, ಲಿಂಗ, ಬಣ್ಣ ಇಷ್ಟೇ. ಬಿಡುಗಡೆಯಾದವರ ಹೆಸರುಗಳು ಮೊದಲ ಬಾರಿಗೆ ಇತರರ ಹೆಸರುಗಳಂತೆಯೇ ದಾಖಲಾದದ್ದು 1870ರ ಜನಗಣತಿಯಲ್ಲಿ. ಆಫ್ರಿಕನ್-ಅಮೆರಿಕನ್ ಕುಟುಂಬಗಳು ತಮ್ಮ ಪೂರ್ವಿಕರನ್ನು ಅದಕ್ಕಿಂತ ಹಿಂದಕ್ಕೆ ಹುಡುಕಬೇಕಾದರೆ ಒಡೆಯರ ಕುಟುಂಬದ ಉಯಿಲು, ಕ್ರಯಪತ್ರಗಳನ್ನೇ ಶೋಧಿಸಬೇಕಾಗುತ್ತದೆ. ಬಿಳಿಯ ಮನೆತನವೊಂದರ ವಂಶಾವಳಿಯನ್ನು ಸರಿಯಾಗಿ ಬರೆಯುವುದರಿಂದ ಆ ಮನೆತನಕ್ಕಷ್ಟೇ ಪ್ರಯೋಜನವಲ್ಲ ಎಂಬುದಕ್ಕೆ ಇದು ಬಲವಾದ ಕಾರಣ. ಗುಲಾಮರ ಹೆಸರಿರುವ ಸಾಲುಗಳನ್ನು ಬಿಟ್ಟು ಉಯಿಲನ್ನು ನಕಲು ಮಾಡುವ ಹಳೆಯ ಅಭ್ಯಾಸ ಎಷ್ಟು ಹಾನಿ ಮಾಡಿತೆಂಬುದೂ ಇದರಿಂದ ತಿಳಿಯುತ್ತದೆ.

ಟೆಕ್ಸಾಸಿನ ಶಾಖೆ

1835ರ ನವೆಂಬರ್ 1ರಂದು ಡೇವಿಡ್ ಟೆಕ್ಸಾಸಿಗೆ ಹೊರಟನು. ಜೊತೆಯಲ್ಲಿದ್ದವರಲ್ಲಿ ಎಲಿಜಬೆತ್‌ಳ ಸಂಬಂಧಿ ವಿಲಿಯಂ ಪ್ಯಾಟನ್ ಒಬ್ಬನು. ಉದ್ದೇಶ ಹೊಸ ಭೂಮಿಯನ್ನು ನೋಡುವುದು. ಒಳ್ಳೆಯದಾದರೆ ಕುಟುಂಬವನ್ನು ಕರೆಸಿಕೊಳ್ಳುವುದು. 1836ರ ಜನವರಿ 9ರಂದು ಸ್ಯಾನ್ ಆಗಸ್ಟಿನ್ ಎಂಬಲ್ಲಿಂದ ಮಗಳು ಮಾರ್ಗರೆಟ್ ಮತ್ತು ಅಳಿಯ ವೈಲಿ ಫ್ಲವರ್ಸ್‌ಗೆ ಬರೆದ ಪತ್ರದಲ್ಲಿ ಆ ನಾಡಿನ ಸಂಪತ್ತನ್ನು ಹೊಗಳಿದ್ದಾನೆ. ಮೆಕ್ಸಿಕೋ ವಿರುದ್ಧ ಬಂಡೆದ್ದಿದ್ದ ಟೆಕ್ಸಾಸಿನ ಪಡೆ ಸೇರಿ, ಮಾರ್ಚ್ 6ರಂದು ಸ್ಯಾನ್ ಆಂಟೋನಿಯೋದ ಅಲಮೋ ಕೋಟೆಯಲ್ಲಿ ಸತ್ತನು. ಹೋರಾಡುತ್ತ ಸತ್ತನೋ ಸೆರೆಸಿಕ್ಕ ಮೇಲೆ ಕೊಲ್ಲಲ್ಪಟ್ಟನೋ ಎಂಬ ಚರ್ಚೆ ದೀರ್ಘವಾದದ್ದು. ವಂಶಾವಳಿಗೆ ದಿನಾಂಕ ಸಾಕು.

ಟೆಕ್ಸಾಸ್ ಗಣರಾಜ್ಯವು ಅಲಮೋದಲ್ಲಿ ಮಡಿದವರ ವಾರಸುದಾರರಿಗೆ ಭೂಮಿ ನೀಡುವ ಕಾಯಿದೆ ಮಾಡಿತು. ಮಗ ರಾಬರ್ಟ್ ಪ್ಯಾಟನ್ 1838ರಲ್ಲಿ ಅಲ್ಲಿಗೆ ಹೋಗಿ ಸೈನ್ಯದಲ್ಲಿದ್ದು ಮರಳಿದನು. 1850ರ ದಶಕದಲ್ಲಿ ಎಲಿಜಬೆತ್ ರಾಬರ್ಟ್‌ನ ಸಂಸಾರದೊಂದಿಗೆ ಟೆಕ್ಸಾಸಿಗೆ ತೆರಳಿದಳು. ಹಕ್ಕಿನ ಕಾಗದವಿದ್ದರೂ ನೆಲ ಗುರುತಿಸಿ ಅಳೆಯುವ ಸರ್ವೇಯರನಿಗೆ ಭೂಮಿಯ ಪಾಲನ್ನೇ ಕೂಲಿಯಾಗಿ ಕೊಡಬೇಕಾಯಿತು. ಇಂದಿನ ಹುಡ್ ಕೌಂಟಿಯಲ್ಲಿ ಅವರು ನೆಲೆಸಿದರು. ಗಂಡ ಸತ್ತಂದಿನಿಂದ ಆಕೆ ಕಪ್ಪು ಉಡುಪನ್ನೇ ಧರಿಸಿದಳೆಂದು ಕುಟುಂಬದ ಹೇಳಿಕೆ. 1860ರಲ್ಲಿ ತೀರಿಕೊಂಡ ಆಕೆಯ ಸಮಾಧಿ ಆಕ್ಟನ್ ಗ್ರಾಮದಲ್ಲಿದೆ; 1913ರಲ್ಲಿ ರಾಜ್ಯವು ಅಲ್ಲಿ ಆಕೆಯ ಪ್ರತಿಮೆಯಿರುವ ಸ್ಮಾರಕವನ್ನು ಸ್ಥಾಪಿಸಿತು. ಸಮಾಧಿಯ ಸುತ್ತಲಿನ ಕೆಲವೇ ಗಜಗಳ ಆ ಜಾಗವನ್ನು ಟೆಕ್ಸಾಸಿನ ಅತ್ಯಂತ ಚಿಕ್ಕ ರಾಜ್ಯ ಸ್ಮಾರಕ ಸ್ಥಳವೆನ್ನುತ್ತಾರೆ. ಭೂಮಿಗಾಗಿ ನಾಲ್ಕು ರಾಜ್ಯಗಳನ್ನು ದಾಟಿದ ಮನೆತನದ ಯಜಮಾನಿಗೆ ದಕ್ಕಿದ ನೆಲ ಅಷ್ಟು.

ಹಿರಿಯ ಮಗ ಜಾನ್ ವೆಸ್ಲಿ ಸ್ವಲ್ಪ ಕಾಲ ನ್ಯೂ ಆರ್ಲಿಯನ್ಸ್‌ನಲ್ಲಿದ್ದು, ಪತ್ರಿಕಾ ಸಂಪಾದಕನಾಗಿಯೂ ಕೆಲಸ ಮಾಡಿ, 1852ರಲ್ಲಿ ಟೆನೆಸ್ಸಿಯ ಮೆಂಫಿಸ್‌ನಲ್ಲಿ ತೀರಿಕೊಂಡನು. ಅವನ ಮಗ ರಾಬರ್ಟ್ ಅರ್ಕನ್ಸಾಸ್‌ನಲ್ಲಿ ನೆಲೆಸಿ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟದ ಸೇನಾಧಿಕಾರಿಯಾಗಿದ್ದನು. ಟೆಕ್ಸಾಸಿನ ಚಿಕ್ಕಪ್ಪ ರಾಬರ್ಟ್ ಪ್ಯಾಟನ್ ಮತ್ತು ಈ ರಾಬರ್ಟ್ ಬೇರೆ ಬೇರೆ ವ್ಯಕ್ತಿಗಳು. ರಾಬರ್ಟ್ ಪ್ಯಾಟನ್‌ನ ಮಗ ಆಶ್ಲಿ ಕ್ರಾಕೆಟ್ ಹುಡ್ ಕೌಂಟಿಯ ಗ್ರಾನ್‌ಬರಿಯಲ್ಲಿ ಪತ್ರಿಕೆ ನಡೆಸಿ, 20ನೆಯ ಶತಮಾನದ ನಡುವಿನವರೆಗೂ ಬದುಕಿದ್ದನು.

ಟೆನೆಸ್ಸಿಯಲ್ಲಿ 1871ರಲ್ಲಿ ಕ್ರಾಕೆಟ್ ಕೌಂಟಿ ರಚನೆಯಾಯಿತು. ಅದರ ಕೇಂದ್ರ ಪಟ್ಟಣದ ಹೆಸರು ಅಲಮೋ. ಟೆಕ್ಸಾಸಿನಲ್ಲಿಯೂ ಇದೇ ಹೆಸರಿನ ಕೌಂಟಿಯೂ ಪಟ್ಟಣವೂ ಇವೆ. ಡೇವಿಡ್ ಹುಟ್ಟಿದ ನೋಲಿಚಕಿ ದಡ ಈಗ ರಾಜ್ಯ ಉದ್ಯಾನ. ಗಿಬ್ಸನ್ ಕೌಂಟಿಯ ರದರ್ಫರ್ಡ್ ಪಟ್ಟಣದಲ್ಲಿ ಅವನ ಕೊನೆಯ ಮರದ ಮನೆಯ ಪ್ರತಿರೂಪವನ್ನು ನಿರ್ಮಿಸಲಾಗಿದ್ದು, ತಾಯಿ ರೆಬೆಕಾಳ ಸಮಾಧಿ ಅದರ ಆವರಣದಲ್ಲಿದೆ.